ಇವತ್ತು ವಿಯೆನ್ನಾ ಆಗಬೇಕಿತ್ತು

ಮೂರು ಪಾಸ್‌ಪೋರ್ಟಿನ ಜೊತೆ ಒಂದೇ ಕಾರಣ ಬಂತು:
ಅರ್ಜಿದಾರರು ವಾಪಸು ಬರುತ್ತಾರೆಂಬ ನಂಬಿಕೆ ಸಾಲದು.
ಬೆನ್ನಚೀಲಗಳನ್ನು ಅಷ್ಟರಲ್ಲಿ ಮೈಸೂರಿನಲ್ಲಿ ಕೊಂಡಾಗಿತ್ತು,
ಬಿಲ್ಲು ಕಳೆದಿತ್ತು.
ನಬೀಸಾ ಜಿಪ್ಪು ಎಳೆದಳು, ಬಿಟ್ಟಳು, ಮತ್ತೆ ಎಳೆದು ಹೇಳಿದಳು:
ರಜೆ ಮಂಜೂರಾಗಿದೆ, ಕಾಲಿದೆ, ನಡೀರಿ.

ಒಂಬತ್ತು ದಿನ, ಅದೇ ವೇಳಾಪಟ್ಟಿ.
ಊರಿನ ಹೆಸರನ್ನಷ್ಟೇ ಹೊಡೆದು ಪಕ್ಕದಲ್ಲಿ ಬರೆದೆವು.
ಪ್ಯಾರಿಸ್ಸಿಗೆ ಕುಶಾಲನಗರ. ಹೊಳೆ ಇದೆ, ಸಾಕು.
ಪ್ರಾಗಿಗೆ ಮಡಿಕೇರಿ, ಕೋಟೆಯ ದೆಸೆಯಿಂದ.
ರೋಮಿಗೆ ವಿರಾಜಪೇಟೆ, ಚರ್ಚು ನೋಡಿಕೊಂಡು.
ವಿಯೆನ್ನಾಕ್ಕೆ ಏನೂ ಹೊಂದಲಿಲ್ಲ,
ಸೋಮವಾರಪೇಟೆ ಉಳಿದಿತ್ತು, ಹಾಕಿದೆವು.
ತಲುಪಿದ್ದು ಶುಕ್ರವಾರ.

ನಿಯಮ ಒಂದೇ: ಯಾವ ನೆಂಟರ ಮನೆಗೂ ಹೋಗಕೂಡದು.
ಕೊಡಗಿನಲ್ಲಿ ಇದು ಬೆಟ್ಟ ಹತ್ತುವುದಕ್ಕಿಂತ ಕಷ್ಟ.
ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ, ಛತ್ರಿ ರಿಪೇರಿಯವನ ಮುಂದೆ
"ಯಾರ ಮನೆಯವರು?" ಎಂದು ಶುರುವಾಗಿ
"ಲಾಡ್ಜಾ? ನಮ್ಮ ಮನೆಗೇನಾಗಿದೆ?" ಎಂದು ಮುಗಿಯುತ್ತದೆ.
ಸುಂಟಿಕೊಪ್ಪದಲ್ಲಿ ಬೋಜಮ್ಮನ ಚಿಕ್ಕಪ್ಪನ ಜೀಪು ಕಂಡಿತು.
ಮೂವರೂ ಬಾಳೆಗೊನೆಗಳ ಹಿಂದೆ ನಿಂತೆವು,
ಚೀಲಗಳು ಮಾತ್ರ ಹೊರಗೆ, ಕಿತ್ತಳೆ ಬಣ್ಣದವು.

ಬೆಳಿಗ್ಗೆ ಐದೂವರೆಗೆ ಬೋಜಮ್ಮನ ಮೊಣಕಾಲು ಏಳುತ್ತದೆ,
ಆಮೇಲೆ ಬೋಜಮ್ಮ.
ಬಿಸಿನೀರು ಆರರಿಂದ ಏಳು, ತಲೆಗೊಂದು ಬಕೆಟ್ಟು.
ನಬೀಸಾ ನಮಾಜು ಮುಗಿಸಿ ಕಾಲುಗಳ ಹಾಜರಿ ತೆಗೆಯುತ್ತಾಳೆ,
ತನ್ನದೂ ಸೇರಿ ಆರು ಹಿಮ್ಮಡಿ,
ಆಸ್ಪತ್ರೆಯ ದನಿಯಲ್ಲಿ: ಇದು ಒಡೆದಿದೆ, ಇದು ನಾಳೆ ಒಡೆಯುತ್ತದೆ.
ನಾನು ಚೀಲ ತುಂಬುತ್ತೇನೆ.
ಯಾವ ಲಾಡ್ಜಿನಿಂದ ಹೊರಟರೂ ಒಂದು ಕಾಲುಚೀಲ ಹೆಚ್ಚಾಗಿರುತ್ತದೆ,
ಯಾರದೆಂದು ಇವತ್ತಿಗೂ ತಿಳಿದಿಲ್ಲ.

ಪಟ್ಟಿಯಲ್ಲಿ ಕ್ರೋಸಾಂ ಎಂದಿತ್ತು. ನೂಲ್ಪುಟ್ಟು ತಿಂದೆವು.
ಪಟ್ಟಿಯಲ್ಲಿ ವಸ್ತುಸಂಗ್ರಹಾಲಯ ಎಂದಿತ್ತು.
ಕೋಟೆಯಂಗಳದ ಗಾರೆಯ ಆನೆಗಳ ನೆರಳಲ್ಲಿ
ಬೂಟು ಕಳಚಿ ಮಲಗಿದೆವು,
ಕಾವಲಿನವನು ಬಂದು, ನೋಡಿ, ಸುಮ್ಮನೆ ಹೋದ.

ರಾತ್ರಿ ಲೆಕ್ಕ. ನನ್ನದು ಅಂಚೆ ಕಚೇರಿಯ ಕೈ, ಚಿಲ್ಲರೆಯೂ ಜಾರುವುದಿಲ್ಲ.
ಬಸ್ಸು, ನೂರ ಮೂವತ್ತೈದು.
ಪ್ಲಾಸ್ಟರು, ಅರುವತ್ತು.
ಬೋಜಮ್ಮ ಅತ್ತದ್ದಕ್ಕೆ ಜಿಲೇಬಿ, ನಲವತ್ತು.

ಅತ್ತದ್ದು ದುಃಖಕ್ಕಲ್ಲ.
ನಾಲ್ಕನೇ ಬೆಳಿಗ್ಗೆ ಎದ್ದು ಕೂತಳು,
ಒಲೆಯಿಲ್ಲ, ನಾಯಿಯ ತಟ್ಟೆಯಿಲ್ಲ, ಆಳುಗಳ ಕೂಲಿ ಬರೆಯುವುದಿಲ್ಲ,
ಎರಡೂ ಕೈ ಮಡಿಲಲ್ಲಿ
ಯಾರೋ ಬಿಟ್ಟುಹೋದ ಸಾಮಾನಿನಂತೆ ಬಿದ್ದಿದ್ದವು.
ಅದನ್ನು ನೋಡಿ ಅತ್ತಳು.
ಐದನೇ ದಿನ ಎಂಟು ಗಂಟೆಯವರೆಗೆ ಗೊರಕೆ ಹೊಡೆದಳು.

ಗೋಣಿಕೊಪ್ಪದ ದಾರಿಯಲ್ಲಿ ಕಾಫಿ ಹೂವಾಗಿತ್ತು.
ತಿರುವಿನಲ್ಲಿ ವಾಸನೆ ಬಸ್ಸಿನೊಳಗೆ ಬಂತು,
ಟಿಕೆಟು ಕೇಳುತ್ತಿದ್ದ ಕಂಡಕ್ಟರು ಅರ್ಧಕ್ಕೆ ನಿಂತ.
ಹುಟ್ಟಿದಾಗಿನಿಂದ ಈ ವಾಸನೆಯಲ್ಲೇ ಇದ್ದೇವೆ.
ಆದರೂ ನಬೀಸಾ, ಪರದೇಶದವಳ ಹಾಗೆ,
ಫಿಲೂ, ಇದೇನಿದು, ಎಂದಳು.

ಕೊನೆಯ ರಾತ್ರಿ ವಿರಾಜಪೇಟೆ.
ಲಾಡ್ಜಿನಿಂದ ನನ್ನ ಮನೆಗೆ ಒಂದೂವರೆ ಕಿಲೋಮೀಟರು.
ಅದೇ ಚರ್ಚಿನ ಗಂಟೆ, ಬೇರೆ ಕಿಟಕಿಯಲ್ಲಿ.
ನನ್ನ ಅಡುಗೆಮನೆಯಲ್ಲಿ ಈಗ ಯಾರೋ ಕುಕ್ಕರಿನ ಸೀಟಿ ಎಣಿಸುತ್ತಿರಬೇಕು,
ತಪ್ಪಾಗಿ.
ಬೆಳಿಗ್ಗೆ ಏಳಕ್ಕೆ ಮೂವರಿಗೂ ಮೂರು ದಾರಿ.

ವೀಸಾ ಕಚೇರಿಯಲ್ಲಿ ಕೂತು ನಮ್ಮ ಕಡತ ಓದಿದವನ
ಮುಖ ನಾವು ಕಂಡವರಲ್ಲ.
ಅವನು ಸಂಶಯಪಟ್ಟದ್ದು ಏನನ್ನು ನೋಡಿಯೋ.
ಈಗ ನೋಡಿದರೆ, ರಾತ್ರಿ ಹತ್ತೂವರೆಗೆ
ನಬೀಸಾ ಬಚ್ಚಲಲ್ಲಿ ನಿಂತು
ಏಳೂ ಕಾಲುಚೀಲಗಳನ್ನು ಸಾಬೂನು ಹಾಕಿ ತೊಳೆಯುತ್ತಿದ್ದಾಳೆ.
ಬೆಳಗಾಗುವುದರೊಳಗೆ ಅವು ಒಣಗುವುದಿಲ್ಲ.
ಅವಳಿಗೆ ಗೊತ್ತು.
ಬೋಜಮ್ಮ ಎದ್ದು ಹೋಗಿ
ಕಿಟಕಿಗೆ ಹಗ್ಗ ಕಟ್ಟುತ್ತಿದ್ದಾಳೆ.